ಹದಿನಾಲ್ಕು ಜನ ಓಡಿಹೋಗುವ ಪ್ಲಾನು

...ಎಣ್ಣೆ ಬೇಡ. ಎಣ್ಣೆ ಬೇಡ ಕಣಪ್ಪ, ಚಕ್ರಾನೇ ಕಿತ್ತುಬಿಡು. ಅದಕ್ಕೇ ತಂದಿದ್ದು ನಾನು. ಬೆಳಗ್ಗೆ ಐದೂವರೆಗೆ ನಮ್ಮ ಬೀದಿ ಕಲ್ಲುಹಾಸಿನ ಮೇಲೆ ಈ ಸೂಟ್‌ಕೇಸು ಗಡಗಡ ಅಂತ ಉರುಳಿದ್ರೆ ಎಲ್ಲರೂ ಬಾಗಿಲಿಗೆ ಬಂದು ನಿಂತ್ಕೋತಾರೆ. ಆಮೇಲೆ ಅದು ಓಡಿಹೋಗೋದು ಹೇಗಾಗುತ್ತೆ? ಊರಿಗೆ ಹೋಗೋದು ಆಗುತ್ತೆ. ಸೂಟ್‌ಕೇಸ್ ರಿಪೇರಿ ಅಂಗಡಿ ಇಟ್ಟಿರೋನಿಗೆ ಇದನ್ನೆಲ್ಲ ನಾನು ಹೇಳ್ಕೊಡಬೇಕಾ?

ಯಾಕೆ ನಗ್ತೀಯ?

ಓಡಿಹೋಗಬೇಕಾದೋನು ನೀನು, ಮದುವೆ ಗಂಡು ನೀನು. ಸ್ವಲ್ಪ ಗಂಭೀರವಾಗಿ ಕೂತ್ಕೋ. ಆ ಸ್ಟೂಲು ಈ ಕಡೆ ತಳ್ಳು, ಬ್ಯಾಗುಗಳನ್ನ ನಾನೇ ಕೆಳಗಿಡ್ತೀನಿ. ಹಾಂ. ಈಗ ಕೇಳು.

ನಿಮ್ಮಿಬ್ಬರ ಮದುವೆಗೆ ಯಾರೂ ಅಡ್ಡ ಬಂದಿಲ್ಲ, ಒಪ್ತೀನಿ. ನಿಮ್ಮಮ್ಮ ಒಪ್ಪಿದಾರೆ. ನಾನು ಒಪ್ಪಿದೀನಿ. ನನ್ನ ಹೆಂಡತಿಯಂತೂ ಒಪ್ಪಿ ಒಪ್ಪಿ ಗಂಟಲು ಕಟ್ಟಿಸ್ಕೊಂಡಿದಾಳೆ. ಅದೇ ತೊಂದರೆ ಆಗಿರೋದು. ಯಾರಾದ್ರೂ ಒಬ್ಬರು ಬೇಡ ಅಂದಿದ್ರೆ ನೀವು ಯಾವತ್ತೋ ಆರಾಮಾಗಿ ಓಡಿಹೋಗ್ತಿದ್ರಿ. ಈಗ ಹುಡುಗಿ ಅಪ್ಪಾನೇ ಬಂದು ನಿನ್ನ ಅಂಗಡೀಲಿ ಕೂತು, ನನ್ನ ಮಗಳನ್ನ ಕರ್ಕೊಂಡು ಬೆಟ್ಟಕ್ಕೆ ಓಡಿಹೋಗು ಅಂತ ಹೇಳೋ ಗತಿ ಬಂತು.

ಮೊದಲಿಂದ ಹೇಳ್ತೀನಿ. ಇಪ್ಪತ್ತು ದಿನ ಆಯ್ತು. ನನ್ನ ಹೆಂಡತಿ ಮದುವೆಗೆ ಕರೆಯೋರ ಪಟ್ಟಿ ಬರೀತಾ ಇದ್ಲು. ಆರುನೂರ ನಲವತ್ತು ಜನ. ನಮ್ಮನೆ ಗ್ಯಾಸ್ ಸ್ಟೌ ಸರಿ ಮಾಡಿದ್ನಲ್ಲ, ಅವನು ಇದಾನೆ ಅದರಲ್ಲಿ. ಅವನ ಜೊತೆ ಚೀಲ ಹಿಡ್ಕೊಂಡು ಬಂದಿದ್ದ ಅವನ ಭಾವಮೈದುನಾನೂ ಇದಾನೆ. ನಮ್ಮ ಮಗಳು ಅದನ್ನೆಲ್ಲ ನೋಡ್ತಾ ಇದ್ಲು. ಆಮೇಲೆ ಎದ್ದು ಬಂದು ನನ್ನ ಪಕ್ಕ ಕೂತ್ಕೊಂಡು, ಮೆತ್ತಗೆ, ‘ಅಪ್ಪಾ, ಇಂಥ ಮದುವೆ ನಂಗೆ ಬೇಡ’ ಅಂದ್ಲು.

ಅಷ್ಟೇ ಅಂದಿದ್ದು. ನಂಗೆ ತಕ್ಷಣ ಅರ್ಥ ಆಗೋಯ್ತು. ಈ ಗಲಾಟೆ ಬೇಡ, ಈ ಜನ ಬೇಡ. ಚಳಿಗಾಲ, ಉತ್ತರದ ಹಿಮದ ಬೆಟ್ಟ, ಇಬ್ಬರೇ ಇಬ್ಬರು. ಅವಳೇನು ಬಾಯಿಬಿಟ್ಟು ಹೇಳಬೇಕಾ? ನನ್ನ ಮಗಳಲ್ವಾ ಅವಳು.

ಆ ಉಳಿ ಅಲ್ಲ, ಸಣ್ಣದು ತಗೋ. ತಳ ಸೀಳೀತು.

ನಾನು ಮೂವತ್ತೊಂದು ವರ್ಷ ಬಸ್ ಡಿಪೋದಲ್ಲಿ ಟೈಮ್‌ಟೇಬಲ್ ಬರೆದೋನು. ಒಂದು ಗಾಡಿ ಎಲ್ಲಿ ಎಷ್ಟು ನಿಮಿಷ ನಿಲ್ಲಬೇಕು, ಡ್ರೈವರು ಎಲ್ಲಿ ಟೀ ಕುಡೀಬೇಕು, ಎಲ್ಲ ನಾನು ಬರೆದ ಹಾಗೇ ನಡೀತಿತ್ತು. ಅಂಥೋನು ಸ್ವಂತ ಮಗಳು ಓಡಿಹೋಗೋದನ್ನ ಅದೃಷ್ಟಕ್ಕೆ ಬಿಡ್ತೀನಾ? ಆ ದಿನಾನೇ ಕೂತು ಬರೆದೆ. ನಾಲ್ಕು ಪ್ರತಿ. ತಗೋ, ಇದು ನಿಂದು. ಐದು ಹತ್ತು, ಏಳುವುದು. ಐದು ಇಪ್ಪತ್ತೈದು, ಕಿಟಕಿ. ಐದು ಮೂವತ್ತೆರಡು, ಬೀದಿ ಮೂಲೆ, ಇಬ್ಬರೂ ಸೇರುವುದು. ಐದು ಮೂವತ್ಮೂರು, ಹಿಂದೆ ತಿರುಗಿ ಮನೆ ನೋಡುವುದು, ಒಂದು ನಿಮಿಷ. ಅದಕ್ಕೆ ಸಮಯ ಇಡಲೇಬೇಕು, ಇಲ್ಲದಿದ್ರೆ ಜನ ತಮಗೆ ಬೇಕಾದಾಗ ತಿರುಗಿ ನೋಡಿ ಗಾಡಿ ತಪ್ಪಿಸ್ಕೋತಾರೆ.

ಕಿಟಕಿ ಯಾಕೆ ಅಂದ್ಯಾ? ಬಾಗಿಲು ಇದೆಯಪ್ಪ, ನಂಗೊತ್ತಿಲ್ವಾ, ನನ್ನ ಮನೆ ಅದು. ಆದ್ರೆ ಬಾಗಿಲಿಂದ ಹೋದ್ರೆ ಅವಳ ಅಮ್ಮ ‘ಹಾಲಿನ ಪಾತ್ರೆ ಒಳಗಿಟ್ಟು ಹೋಗು’ ಅಂತಾಳೆ. ಕಿಟಕೀಲಿ ಸರಳಿದೆ ಅಂತ ಬಡಗಿಯನ್ನ ಕರೆಸಿದ್ದೆ. ‘ಎರಡು ಸರಳು ತೆಗಿ, ನನ್ನ ಮಗಳು ಓಡಿಹೋಗ್ಬೇಕು’ ಅಂದೆ. ಅವನು ಅಳತೆ ತಗೊಂಡ. ಆಮೇಲೆ ನನ್ನ ಮುಖಾನೇ ನೋಡ್ತಾ ನಿಂತ. ಆಮೇಲೆ ಇನ್ನೊಂದು ಸಲ ಅಳತೆ ತಗೊಂಡ.

ಬಿಟ್ಟು ಹೋಗೋ ಪತ್ರಾನೂ ಆಗಿದೆ. ಅವಳಿಗೆ ಲ್ಯಾಬಲ್ಲಿ ಡ್ಯೂಟಿ ಮೇಲೆ ಡ್ಯೂಟಿ. ದಿನಾ ನೂರು ಜನರ ರಕ್ತ ತೆಗೆದು ಸುಸ್ತಾಗಿ ಬರ್ತಾಳೆ, ಪತ್ರ ಬೇರೆ ಬರಿ ಅಂತ ಹೇಗೆ ಹೇಳೋದು? ನಾನೇ ಬರೆದೆ. ‘ತೀರ್ಥರೂಪು ಅಪ್ಪನವರಿಗೆ, ನನ್ನನ್ನು ಹುಡುಕಬೇಡಿ, ಕ್ಷಮಿಸಿ.’ ಬರೆದು ಮೇಜಿನ ಮೇಲಿಟ್ಟೆ. ಊಟ ಮಾಡಿ ಬಂದು ಓದಿದೆ ನೋಡು... ಕಣ್ಣಲ್ಲಿ ನೀರು ಬಂದ್ಬಿಡ್ತು. ನಿಜವಾಗ್ಲೂ. ಎರಡು ಕಡೆ ಕಾಗುಣಿತ ತಪ್ಪಿತ್ತು, ತಿದ್ದಿದೆ. ‘ಕ್ಷಮಿಸಿದ್ದೇನೆ’ ಅಂತ ಉತ್ತರಾನೂ ಬರೆದಿಟ್ಟಿದೀನಿ.

ನಗು, ನಗು. ನಿಂಗೆ ಚಳಿಯ ಅಂದಾಜಿಲ್ಲ. ಅಲ್ಲಿ ಮೊಣಕಾಲುದ್ದ ಹಿಮ ಬೀಳುತ್ತಂತೆ. ನಾನು ಅಭ್ಯಾಸ ಶುರು ಮಾಡಿದೀನಿ. ಮಂಜುಗಡ್ಡೆ ಹಾಕಿದ ಬಕೆಟ್ಟಲ್ಲಿ ಕಾಲಿಟ್ಕೊಂಡು, ಮೇಲೆ ಉಣ್ಣೆ ಕೋಟು ಹಾಕ್ಕೊಂಡು, ಹನ್ನೆರಡು ನಿಮಿಷ ಕೂತಿದ್ದೆ ನಿನ್ನೆ.

ಹೂಂ, ನಾನೂ ಬರ್ತೀನಿ. ಅಂದ್ರೆ... ಮೊದಲು ಇಬ್ಬರೇ ಅಂತಿತ್ತು. ಆಮೇಲೆ ಯೋಚನೆ ಮಾಡಿದೆ, ಸಾಮಾನು ಹೊರೋಕೆ ಒಬ್ಬ ಬೇಡವಾ? ರಿಜಿಸ್ಟ್ರಾರ್ ಆಫೀಸಲ್ಲಿ ಸಾಕ್ಷಿ ಬೇರೆ ಬೇಕು. ಆ ಮೂರನೆಯೋನು ಯಾರೋ ದಾರಿಹೋಕ ಆಗೋ ಬದಲು ನಾನೇ ಆದ್ರೆ ಏನು ತಪ್ಪು? ದೂರದಲ್ಲೇ ಇರ್ತೀನಿ. ಬಸ್ಸಲ್ಲಿ ಕೊನೇ ಸೀಟು.

ಅಷ್ಟಕ್ಕೇ ಮುಗೀತಿತ್ತು. ಆದ್ರೆ ನನ್ನ ಹೆಂಡತಿಗೆ ಟೈಮ್‌ಟೇಬಲ್ ಸಿಕ್ಬಿಡ್ತು. ಕೋಟಿನ ಜೇಬಲ್ಲಿ. ನಾನು ರೇಗ್ತಾಳೆ ಅಂದ್ಕೊಂಡೆ. ಅವಳು ಕನ್ನಡಕ ಹಾಕ್ಕೊಂಡು ಪೂರ್ತಿ ಓದಿ, ‘ಐದು ಹತ್ತಕ್ಕೆ ಎದ್ರೆ ನಂಗೆ ಸ್ನಾನಕ್ಕೆ ಟೈಮ್ ಸಾಲಲ್ಲ, ನಾಲ್ಕೂಮುಕ್ಕಾಲು ಮಾಡಿ’ ಅಂದ್ಲು. ‘ಇದು ನಿನ್ನಿಂದ ತಪ್ಪಿಸ್ಕೊಂಡು ಓಡಿಹೋಗೋ ಪ್ಲಾನು ಕಣೇ’ ಅಂದೆ. ‘ಗೊತ್ತು, ಬೆಟ್ಟದವರೆಗೂ ನಾನು ಮಾತಾಡ್ಸಲ್ಲ ಬಿಡಿ’ ಅಂದ್ಲು. ಅವಳು ಬರ್ತಾಳೆ ಅಂದ್ಮೇಲೆ ಅವಳ ಅಕ್ಕನನ್ನ ಬಿಡೋ ಹಾಗಿಲ್ಲ. ಅಕ್ಕನಿಗೆ ಮಂಡಿನೋವು, ಮಂಡಿ ಹಿಡ್ಕೊಳ್ಳೋಕೆ ಅವಳ ಸೊಸೆ. ಸೊಸೆಗೆ ಅವಳಿ ಮಕ್ಕಳು. ನಿಮ್ಮಮ್ಮನಿಗೆ ಯಾರೋ ಸುದ್ದಿ ಮುಟ್ಟಿಸಿದಾರೆ, ಅವರು ‘ನಮ್ಮ ಕಡೆಯಿಂದ ಬರೀ ಗಂಡು ಒಬ್ಬನೇ ಓಡಿಹೋದ್ರೆ ಚೆನ್ನಾಗಿರುತ್ತಾ’ ಅಂತ ಕೇಳಿದ್ರಂತೆ. ನ್ಯಾಯವಾದ ಮಾತೇ, ಅವರೂ ಸೇರಿ ಇನ್ನೂ ಆರು ಜನ.

ಹದಿನಾಲ್ಕು. ಈಗ ಹದಿನಾಲ್ಕು ಜನ. ಮಿನಿ ಬಸ್ಸು ಹೇಳಿದೀನಿ.

ಲಾಡ್ಜಿನೋನಿಗೆ ಫೋನ್ ಮಾಡಿ, ‘ಗುಟ್ಟಾಗಿ ಮದುವೆ ಆಗೋಕೆ ಓಡಿಬರ್ತಾ ಇದೀವಿ, ರೂಮ್ ಬೇಕು’ ಅಂದೆ. ‘ಎಷ್ಟು ಜನ ಸರ್’ ಅಂದ. ‘ಹದಿನಾಲ್ಕು, ಅದರಲ್ಲಿ ಇಬ್ಬರಿಗೆ ಮೆಟ್ಟಿಲು ಹತ್ತೋಕಾಗಲ್ಲ’ ಅಂದೆ. ಅವನು ರಿಜಿಸ್ಟರ್ ತಿರುವಿ ಹಾಕೋದು ಕೇಳಿಸ್ತು. ಆಮೇಲೆ ‘ಸರ್, ನಿಮ್ಮನ್ನ ಅಟ್ಟಿಸ್ಕೊಂಡು ಬರೋರು ಎಷ್ಟು ಜನ’ ಅಂತ ಕೇಳಿದ. ಅದೂ ಒಳ್ಳೆ ಪ್ರಶ್ನೆ. ಎಲ್ಲರೂ ಬಸ್ಸಲ್ಲೇ ಇರ್ತೀವಲ್ಲ, ಅಟ್ಟಿಸ್ಕೊಂಡು ಬರೋಕೆ ಯಾರಿದಾರೆ? ನಂಗದು ಹೊಳೆದೇ ಇರಲಿಲ್ಲ. ನಿಂಗೆ ಯಾರಾದ್ರೂ ಗೊತ್ತಿದ್ರೆ ಹೇಳು, ಸ್ವಲ್ಪ ಕೋಪಿಷ್ಠರು.

ಯಾಕೆ, ಜಿಪ್ಪು ಹೋಗಿದೆಯಾ? ಎಳೆದು ನೋಡು. ಇರಲಿ, ಹೊಸದೇ ಹಾಕು.

ಈ ಹೆಂಗಸರು ಮಕ್ಕಳೆಲ್ಲ ಲಾಡ್ಜಲ್ಲೇ ಇರ್ತಾರೆ. ನೀವಿಬ್ಬರು ಮಾತ್ರ ಸಂಜೆ ನಾಲ್ಕಕ್ಕೆ ಹೊರಗೆ ಹಿಮದಲ್ಲಿ ನಡ್ಕೊಂಡು ಹೋಗೋದು. ಅದನ್ನ ಟೈಮ್‌ಟೇಬಲಲ್ಲಿ ದಪ್ಪ ಅಕ್ಷರದಲ್ಲಿ ಬರೆದಿದೀನಿ. ನಲವತ್ತು ನಿಮಿಷ. ನಾನು ಕಿಟಕಿ ಹತ್ರ ನಿಂತು ಯಾರೂ ಹಿಂದೆ ಹೋಗದ ಹಾಗೆ ನೋಡ್ಕೋತೀನಿ. ಬೇಕಾದ್ರೆ ಐವತ್ತು ಮಾಡೋಣ. ಅವಳಿಗೆ ನಡೆಯೋದು ಇಷ್ಟ. ಸಣ್ಣವಳಿದ್ದಾಗ ಡಿಪೋಗೆ ಬರ್ತಿದ್ಲು, ಬಸ್ಸು ಬೇಡ ಅಂತ ಮನೆವರೆಗೂ ನನ್ನ ಬೆರಳು ಹಿಡ್ಕೊಂಡು ನಡ್ಕೊಂಡೇ...

ಏನು? ಮೆಷಿನ್ ಯಾಕೆ ನಿಲ್ಲಿಸ್ದೆ?

ಹೊಲಿ, ಹೊಲಿ. ನನ್ನ ಮಾತು ಇದ್ದಿದ್ದೇ.

ಇಲ್ಲ, ಅವಳಿಗೆ ಪೂರ್ತಿ ಹೇಳಿಲ್ಲ ಇನ್ನೂ. ತಾರೀಕು ಹೇಳಿದೀನಿ. ಅಂದ್ರೆ ಕ್ಯಾಲೆಂಡರಲ್ಲಿ ಗುಂಡು ಗುರುತು ಹಾಕಿದೀನಿ, ನೋಡಿರ್ತಾಳೆ. ಮೊನ್ನೆ ‘ಅಪ್ಪಾ, ನಿನ್ನ ಹತ್ರ ಕೂತು ಮಾತಾಡ್ಬೇಕು’ ಅಂದ್ಲು. ‘ಟೋಪಿಗೆ ತಲೆ ಅಳತೆ ಕೊಟ್ಟು ಆಮೇಲೆ ಮಾತಾಡು’ ಅಂದೆ. ಕೊಟ್ಲು. ತಲೆ ಬಗ್ಗಿಸಿದ್ಲು, ನಾನು ಟೇಪು ಹಿಡ್ದೆ. ಅಷ್ಟರಲ್ಲಿ ಮಿನಿ ಬಸ್ಸಿನೋನ ಫೋನ್ ಬಂತು...

ನೀನ್ಯಾಕೆ ಹಾಗೆ ನೆಲ ನೋಡ್ತಾ ಕೂತೆ?

ಆ ಸೂಟ್‌ಕೇಸು ಯಾಕೆ ಪಕ್ಕಕ್ಕಿಟ್ಟೆ?

ಒಂದು ಮಾತು. ನಾನು ಬಂದು ಒಂದು ಗಂಟೆ ಆಯ್ತು. ನೀನು ಚಕ್ರದ ಬಗ್ಗೆ ಕೇಳ್ದೆ, ಕಿಟಕಿ ಬಗ್ಗೆ ಕೇಳ್ದೆ. ‘ಅವಳೇನಂದ್ಲು’ ಅಂತ ಒಂದು ಸಲಾನೂ ಕೇಳಲಿಲ್ಲ. ಮದುವೆ ಗಂಡು ಮೊದಲು ಕೇಳೋ ಪ್ರಶ್ನೆ ಅದಲ್ವಾ? ಅವಳು ಹೇಗಿದಾಳೆ ಅಂತಾನಾದ್ರೂ ಕೇಳ್ತಾರೆ.

ನಿಂಗೆ ಗೊತ್ತಿತ್ತು.

ಯಾವಾಗ ಹೇಳಿದ್ಲು? ...ಸೋಮವಾರಾನಾ. ಅವಳೇ ಬಂದಿದ್ಲಾ, ಇಲ್ಲಿಗೆ? ಇದೇ ಸ್ಟೂಲ್ ಮೇಲೆ ಕೂತು... ಅತ್ಲಾ? ಇಬ್ಬರೂನಾ. ಸರಿ. ಸರಿ ಬಿಡು.

‘ಇಂಥ ಮದುವೆ’ ಅನ್ನಲಿಲ್ಲ ಅವಳು. ‘ಈ ಮದುವೆ ನಂಗೆ ಬೇಡ ಅಪ್ಪಾ’ ಅಂದ್ಲು. ಸರಿಯಾಗೇ ಕೇಳಿಸ್ತು ನಂಗೆ. ‘ಅವರಲ್ಲಿ ಏನೂ ತಪ್ಪಿಲ್ಲ, ನಂಗೇ ಮನಸ್ಸು ಬರ್ತಿಲ್ಲ’ ಅಂತಾನೂ ಅಂದ್ಲು. ನಾನು ತಕ್ಷಣ ಎದ್ದು ಹೋಗಿ ಪೇಪರು ಪೆನ್ನು ತಂದು ಬೆಟ್ಟದ ಬಸ್ಸಿನ ಟೈಮ್ ಬರೆಯೋಕೆ ಕೂತೆ. ಯಾಕೆ ಅಂತ ಕೇಳ್ಬೇಡ. ಒಂದು ಅಕ್ಷರ ಆಚೆ ಈಚೆ ಮಾಡ್ಕೊಂಡ್ರೆ ಸರಿಹೋಗುತ್ತೆ ಅನ್ನಿಸ್ತು.

ನಂಗೆ ನೀನು ಬೇಕಾಗಿದ್ದೆ ಕಣೋ. ಅವಳಿಗಿಂತ ಜಾಸ್ತಿ ನಂಗೆ. ಮನೇಲಿ ನಾನು ಬಾಯಿ ಬಿಟ್ರೆ ಟಿವಿ ಸೌಂಡು ಜಾಸ್ತಿ ಮಾಡ್ತಾರೆ. ನೀನು ಮೊದಲನೇ ದಿನ, ನಾನು ಎಪ್ಪತ್ತೊಂದನೇ ನಂಬರ್ ಬಸ್ಸಿನ ರೂಟು ಬದಲಾಯಿಸಿದ ಕತೆ ಹೇಳಿದಾಗ, ‘ಆಮೇಲೆ?’ ಅಂದೆ. ಯಾರೂ ಅಂದಿರಲಿಲ್ಲ ಹಾಗೆ. ಅದಕ್ಕೇ ನನ್ನ ಮಗಳನ್ನ ಬೆಟ್ಟ ಹತ್ತಿಸೋಕೆ ಹೊರಟಿದ್ದೆ ನೋಡು.

ಮತ್ತೆ ನೀನ್ಯಾಕೆ ಇಷ್ಟೊತ್ತು ಕೇಳಿಸ್ಕೊಂಡು ಕೂತೆ? ಬಂದ ತಕ್ಷಣ ಹೇಳ್ಬಹುದಿತ್ತು. ...ಹೂಂ. ಹೂಂ, ಗೊತ್ತಾಯ್ತು. ನೀನೂ ಇನ್ನೊಂದು ಸ್ವಲ್ಪ ಹೊತ್ತು ನನ್ನ ಅಳಿಯನಾಗಿ ಇರೋಣ ಅಂದ್ಕೊಂಡೆ.

ಇಪ್ಪತ್ತು ದಿನದಿಂದ ಅವಳು ನನ್ನ ಉತ್ತರಕ್ಕೆ ಕಾಯ್ತಾ ಇದಾಳೆ. ನಿಂಗೆ ಹೇಳಿ ಆಯ್ತು. ಅವಳಮ್ಮನಿಗೆ ಹೇಳೋಕೆ ಧೈರ್ಯ ಬೇಕು, ಆ ಧೈರ್ಯ ನಾನು ಕೊಡ್ಬೇಕಿತ್ತು. ಎರಡು ಗಂಟೆಗೆ ಅವಳ ಡ್ಯೂಟಿ ಮುಗಿಯುತ್ತೆ. ಈಗ ಹೊರಟ್ರೆ ಲ್ಯಾಬಿನ ಗೇಟ್ ಹತ್ರ ಸಿಕ್ತಾಳೆ. ಅಲ್ಲಿಂದ ಮನೆಗೆ ಇಬ್ಬರೂ ಹೋಗಿ, ಅವಳಮ್ಮನ ಮುಂದೆ ನಾನೇ ಮೊದಲು ಬಾಯಿ ಬಿಡ್ತೀನಿ.

ಅವಳ ಹತ್ರ ಏನು ಹೇಳ್ತೀನಿ ಅಂತಾನಾ? ಜಾಸ್ತಿ ಹೇಳಲ್ಲ. ಜಾಸ್ತಿ ಹೇಳೋಕೆ ಶುರು ಮಾಡಿದ್ರೆ ನಾನು ಮತ್ತೆ ಎಲ್ಲಿಗೋ ಗಾಡಿ ಬಿಟ್ಬಿಡ್ತೀನಿ. ಎರಡೇ ಮಾತು. ‘ಆಯ್ತು ಕಣಮ್ಮ.’ ಅಷ್ಟೇ. ಸಾಕಲ್ವಾ?

ಇರು, ಹೋಗೋಕೆ ಮುಂಚೆ ಇನ್ನೊಂದು ಸಲ ಹೇಳ್ತೀನಿ, ಸರಿಯಿದೆಯಾ ಕೇಳು.

ಆಯ್ತು ಕಣಮ್ಮ.