ಪಿಕಪ್ ಇಲ್ಲದ ಕಾರು

...ಅಲ್ಲ ಕಣೋ, ಗಾಡಿಗೆ ಮತ್ತೆ ಅದೇ ಚೆಕ್ ಮಾಡೋ ಮೆಷಿನ್ ಯಾಕೆ ಸಿಕ್ಕಿಸ್ತೀಯಾ? ನಿನ್ನೆಯೂ ಅದೇ, ಇವತ್ತೂ ಅದೇ. ಅದರಲ್ಲಿ ಏನೂ ತೋರ್ಸಲ್ಲ ಅಂತ ಗೊತ್ತಾಯ್ತಲ್ಲ! ಭಾವನ ಮಾತಿಗಿಂತ ಆ ಡಬ್ಬದ ಮಾತು ಹೆಚ್ಚಾಯ್ತಾ ನಿಂಗೆ? ನಾನು ಹೇಳ್ತಿದ್ದೀನಿ, ಈ ಗಾಡೀಲಿ ಪಿಕಪ್ ಇಲ್ಲ. ಒತ್ತಿದ್ರೆ ಎಳೆಯೋದೇ ಇಲ್ಲ. ಮುದಿ ಎತ್ತಿನ ಹಂಗೆ... ಯೋಚ್ನೆ ಮಾಡಿ ಮಾಡಿ ಒಂದು ಹೆಜ್ಜೆ ಇಡುತ್ತೆ.

ಏನು ಹಂಗೆ ನೋಡ್ತೀಯಾ? ಹೌದಪ್ಪಾ, ಏರ್ ಫಿಲ್ಟರ್ ಹೊಸದು, ಒಪ್ಕೊಂಡೆ. ಥ್ರಾಟಲ್ ಬಿಚ್ಚಿ ಮಸಿ ತೊಳೆದೆ, ಕಣ್ಣಾರೆ ಕಂಡೆ. ಪೆಡಲ್ ಸೆನ್ಸರೂ ಬದಲಾಯಿಸ್ದೆ. ಆದ್ರೂ ಇಲ್ಲ ಅಂದ್ರೆ ಇಲ್ಲ! ಹಿಂದೆಲ್ಲ ಕೇಬಲ್ ಇತ್ತು, ಒತ್ತಿದ್ರೆ ಪಾದಕ್ಕೆ ಗೊತ್ತಾಗ್ತಿತ್ತು. ಈಗ ಬರೀ ವೈರು. ಎಷ್ಟು ಒತ್ತಿದ್ವಿ, ಎಷ್ಟು ಬಿಟ್ವಿ, ದೇವರಿಗೇ ಗೊತ್ತು. ಅದಕ್ಕೇ ನಾನು ಚಪ್ಪಲಿ ಬಿಟ್ಟೇ ಓಡ್ಸೋದು. ಬಾಡಿಗೆ ಗಾಡಿ ಓಡ್ಸಿ ಓಡ್ಸಿ ಕೂದಲು ಬೆಳ್ಳಗಾಯ್ತು, ಒಂದು ದಿನಾನೂ ಚಪ್ಪಲಿ ಹಾಕ್ಕೊಂಡು ಸ್ಟೇರಿಂಗ್ ಹಿಡಿದೋನಲ್ಲ. ಡ್ರೈವರ್ ಆದೋನಿಗೆ ಇನ್ನೊಂದು ಕಣ್ಣು ಅಂಗಾಲಲ್ಲಿರುತ್ತೆ!

ನಗು ಬಂತಾ? ನಿಮ್ಮಕ್ಕನೂ ನಗ್ತಿದ್ಲು. ಸಂಜೆ ಬಂದು ಕೂತ ತಕ್ಷಣ ನನ್ನ ಕಾಲು ಎಳ್ಕೊಂಡು ತೊಡೆ ಮೇಲೆ ಇಟ್ಕೊಳ್ಳೋಳು, ಟಾರ್ಚ್ ಹಿಡಿಯೋಳು, 'ಎಲ್ಲಿ, ನಿಮ್ಮ ಕಣ್ಣು ತೋರ್ಸಿ ನೋಡೋಣ' ಅನ್ನೋಳು...

ಹುಬ್ಬು ಯಾಕೆ ಏರ್ಸಿದೆ? ಟಾರ್ಚ್ ಯಾಕೆ ಅಂದ್ರೆ... ಸುಮ್ನೆ ಕಣೋ. ಮುಳ್ಳುಗಿಳ್ಳು ಇದ್ದೀತು ಅಂತ. ಗಂಡನ ಕಾಲು ಹೆಂಡ್ತಿ ನೋಡಬಾರದಾ? ಅದನ್ನೇನು ಕೆದಕ್ತೀಯಾ ಬಿಡು.

ಆವತ್ತು ಎಷ್ಟು ಒತ್ತಿದೆ ಗೊತ್ತಾ ನಿಂಗೆ? ಸೇತುವೆ ಏರಲ್ಲಿ. ಹಿಂದಿನ ಸೀಟಲ್ಲಿ ಅವಳು ಎದೆ ಹಿಡ್ಕೊಂಡು ಮಲಗಿದ್ಲು. 'ಬೇಗ ರೀ... ಬೇಗ ಹೋಗ್ರೀ...' ಒತ್ತಿದೆ ಕಣೋ! ನೆಲಕ್ಕೆ ತಾಗೋ ಹಂಗೆ ಒತ್ತಿದೆ. ಲಾರಿಗಳೆಲ್ಲ ಹಾರ್ನ್ ಹೊಡ್ಕೊಂಡು ಪಕ್ಕದಲ್ಲಿ ಹೋದ್ವು. ಸೈಕಲ್‌ನೋನೊಬ್ಬ ನನ್ನ ಮುಖ ನೋಡ್ಕೊಂಡೇ ಮುಂದೆ ಹೋದ. ಈ ಹಾಳು ಗಾಡಿ ತೆವಳ್ತಾನೇ ಇತ್ತು. ಆಸ್ಪತ್ರೆ ಗೇಟು ಕಾಣೋ ಹೊತ್ತಿಗೆ ಹಿಂದೆ ಮಾತು ನಿಂತಿತ್ತು. 'ಸ್ವಲ್ಪ ಮುಂಚೆ ಕರ್ಕೊಂಡು ಬರಬಾರದಿತ್ತಾ' ಅಂದ್ರು ಡಾಕ್ಟರು. ಸ್ವಲ್ಪ ಮುಂಚೆ!

ಮುಖ ತಿರುಗಿಸ್ಬೇಡ. ನಿಂಗೆ ಒಡಹುಟ್ಟಿದೋಳು, ಸರಿ. ನಂಗೇನು ದಾರೀಲಿ ಹೋಗೋಳಾಗಿದ್ಲಾ?

ಈಗ ನನ್ನ ಮಗಳು ಏನಂತಾಳೆ, ನೀನೂ ಕೇಳಿದೀಯಲ್ಲ. 'ಮಾವ ಗಾಡಿ ಸರಿಯಾಯ್ತು ಅನ್ಲಿ, ಆಮೇಲೇ ಮಗೂನ ನಿಮ್ಮ ಜೊತೆ ಸ್ಕೂಲಿಗೆ ಕಳ್ಸೋದು.' ಇನ್ನೇನಿದೆ ಹೇಳು ನಂಗೆ? ಮೊಮ್ಮಗಳು ಹಿಂದೆ ಕೂತು ವಟವಟ ಅಂತಿದ್ರೆ ಆ ಸೀಟು ಖಾಲಿ ಅನ್ಸಲ್ಲ. ಅಷ್ಟೇ. ನೀನು ಒಂದು ಮಾತು ಹೇಳಿದ್ರೆ ಸಾಕು... ಗಾಡೀದೇ ತಪ್ಪಿತ್ತು, ಸರಿ ಮಾಡಿದೀನಿ ಅಂತ. ಬಾಯಲ್ಲಿ ಕಡುಬು ಇಟ್ಕೊಂಡೋನ ಹಂಗೆ ನಿಂತಿದ್ರೆ ಹೆಂಗೋ?

ಸರಿ, ನೀನೇ ಕೂತು ಒತ್ತು. ಹ್ಞಾಂ... ಕೂಗ್ತು. ಸಾಕು, ಸಾಕು, ಕಿವಿ ಕಿತ್ತೋಗುತ್ತೆ! ಈಗ ಇಳಿ. ನಾನು ಒತ್ತೀನಿ ನೋಡು... ಹಾ! ನೋಡಿದ್ಯಾ? ಪೂರ್ತಿ ಒತ್ತಿದೀನಿ ಕಣೋ, ಬರೀ ಗೊಣಗುತ್ತೆ! ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ... ಅದೇ ತಾನೇ ನಿನ್ನ ಮನಸ್ಸಲ್ಲಿ ಓಡ್ತಿರೋದು? ಓಡ್ಲಿ. ಇರು, ಇಳೀತೀನಿ. ಬಾನೆಟ್ಟಲ್ಲಿ ನಾನೇ ತೋರ್ಸ್ತೀನಿ. ಈ ಕಡೆ ಬಾ. ಈ ಪೈಪ್ ನೋಡು, ಎಲ್ಲೋ ಗಾಳಿ ಎಳೀತಿದೆ... ಬಾರೋ!

ಎಲ್ಲಿ ನೋಡ್ತಿದ್ದೀಯಾ? ಬಾನೆಟ್ ಇಲ್ಲಿದೆ. ನೆಲದಲ್ಲೇನಿದೆ? ಆಯಿಲ್ ಸೋರ್ತಿದೆಯಾ? ಹೇಳ್ಲಿಲ್ವಾ ನಾನು, ಏನೋ ಇದೆ ಅಂತ! ಎಲ್ಲಿ... ಡೋರ್ ಹತ್ರ ಒಂದು ಕಲೆ, ಚಕ್ರದ ಹತ್ರ ಒಂದು... ಇಲ್ಲೀವರೆಗೂ ಬಂದಿದೆ...

ಇದು ಆಯಿಲ್ ಅಲ್ಲ ಕಣೋ. ಕೆಂಪಗಿದೆ.

ಕೈ ತೋರ್ಸು. ಕೊಯ್ಕೊಂಡ್ಯಾ? ಇಲ್ವಲ್ಲ... ಮತ್ತೆ ನನ್ನ ಕಾಲು ಯಾಕೆ ನೋಡ್ತೀಯಾ?

...ತಗಡಿನ ಚೂರು. ಅರ್ಧ ಒಳಗೇ ಹೋಗಿದೆ.

ನಿನ್ನ ಗ್ಯಾರೇಜಲ್ಲಿ ಕಸ ಗುಡ್ಸೋರೇ ಇಲ್ವಾ? ಅದೇ ಅಲ್ವಾ ಹೇಳೋದು, ಮನುಷ್ಯರು ಓಡಾಡೋ ಜಾಗ... ಹಂಗೆ ನೋಡ್ಬೇಡ. ಬರಿಗಾಲಲ್ಲಿ ತಿರುಗೋರಿಗೆ ಚರ್ಮ ದಪ್ಪ ಆಗಿರುತ್ತೆ, ಚುಚ್ಚಿದ್ದು ಗೊತ್ತಾಗಲ್ಲ. ಸಕ್ಕರೆ ಕಾಯಿಲೆ ಯಾರಿಗಿಲ್ಲ ಈ ಕಾಲದಲ್ಲಿ? ನಿಮ್ಮಕ್ಕನಿಗೆ ಗೊತ್ತಿತ್ತಪ್ಪಾ! ಮಗಳಿಗೆ ಹೇಳ್ಬೇಡ, ಗಾಡಿ ಬಿಡಿಸ್ತಾಳೆ ಅಂದಿದ್ದೆ. ಹೇಳ್ಲಿಲ್ಲ ಅವಳು. ದಿನಾ ಟಾರ್ಚ್ ಹಿಡಿದು ತಾನೇ...

ಕೀ ಯಾಕೆ ಜೇಬಿಗೆ ಹಾಕ್ಕೊಂಡೆ? ಕೊಡು ಇಲ್ಲಿ. ಕೊಡೋ! ಏನಾದ್ರೂ ಅನ್ನೋ... ಬೈಯಿ. ಎರಡೇಟು ಹಾಕು. ಕೀ ಮಾತ್ರ ಕೊಡು ಕಣೋ, ನಿಂಗೆ ಕೈ ಮುಗೀತೀನಿ...

ಯಾಕೆ ಬಗ್ಗಿದೆ? ಬೇಡ, ನನ್ನ ಕಾಲು ಮುಟ್ಬೇಡ ನೀನು... ಸರಿ. ಸರಿ, ಕೂತ್ಕೋತೀನಿ. ಕೀಳು. ರಕ್ತ ನೋಡೋಕಾಗಲ್ಲ ನಂಗೆ, ಕಣ್ಣು ಮುಚ್ಕೊಂಡಿದ್ದೀನಿ. ಕೀಳೋ, ಎಷ್ಟೊತ್ತು ಹಿಂಗೆ ಕೂರ್ಸ್ತೀಯಾ? ಯಾಕೆ ತಡ ಮಾಡ್ತಿದ್ದೀಯಾ?

...ಆಗ್ಲೇ ಕಿತ್ತಾಯ್ತಾ?